ಕಾಂಚನಬುರಿಯ ಸಾವಿನ ರೈಲುಮಾರ್ಗ ನೋಡುವುದು ಹೇಗೆ?

ಬ್ಯಾಂಕಾಕ್‌ನಿಂದ ಒಂದು ದಿನದ ಟೂರ್ ಬುಕ್ ಮಾಡಿದರೆ ಕ್ವೈ ನದಿಯ ಸೇತುವೆ ಹತ್ತಿರ ಇಳಿಸಿ, ಫೋಟೊ ಹೊಡೆಸಿ, ಊಟ ಮಾಡಿಸಿ ವಾಪಸ್ ಕರೆತರುತ್ತಾರೆ. ಅದು ಬೇಡ. ಆ ಸೇತುವೆ ಇರುವ ಕಾಂಚನಬುರಿ ಊರಲ್ಲೇ ಎರಡು ರಾತ್ರಿ ಉಳಿಯಿರಿ. ರೈಲಿನಲ್ಲಿ ಹೋಗುವುದಾದರೆ ಬ್ಯಾಂಕಾಕಿನ ಥೊನ್‌ಬುರಿ ಸ್ಟೇಷನ್ನಿನಿಂದ ಹತ್ತಬೇಕು.

ಮೊದಲು ನೋಡಬೇಕಾದದ್ದು ಥಾಯ್ಲೆಂಡ್–ಬರ್ಮಾ ರೈಲ್ವೆ ಸೆಂಟರ್ ಎಂಬ ಮ್ಯೂಸಿಯಂ. ಎರಡನೇ ಮಹಾಯುದ್ಧದ ಕಾಲ, ಸಮುದ್ರದಲ್ಲಿ ಶತ್ರುಗಳ ಸಬ್‌ಮರೀನ್ ಕಾಟ ಇತ್ತು, ಅದಕ್ಕೇ ಬರ್ಮಾಕ್ಕೆ ಸಾಮಾನು ಸಾಗಿಸಲು ಜಪಾನಿಗೆ ರೈಲು ಬೇಕಾಯಿತು. 1942ರಲ್ಲಿ ಶುರುವಾದ 415 ಕಿ.ಮೀ. ದಾರಿ, ಅಂದರೆ ಈ ಸಾವಿನ ರೈಲುಮಾರ್ಗ, 1943ರ ಅಕ್ಟೋಬರಿಗೆ ಕೂಡಿಕೊಂಡಿತು. ಕಾಡು, ಬಂಡೆ, ಮಳೆ, ಕಾಲರಾ, ಹಸಿವು, ಹೊಡೆತ. 60,000ಕ್ಕೂ ಹೆಚ್ಚು ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಯುದ್ಧಕೈದಿಗಳನ್ನು ಕೆಲಸಕ್ಕೆ ಹಚ್ಚಿದರು, ಅವರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು.

ಪಕ್ಕದಲ್ಲೇ ಯುದ್ಧಕೈದಿಗಳ ಸ್ಮಶಾನ ಇದೆ, ಸುಮಾರು 7,000 ಸಮಾಧಿ. ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ನಡೆಯಿರಿ. ಓದುವಾಗ ಒಂದು ಪ್ರಶ್ನೆ ತಲೆಯಲ್ಲಿರಲಿ: ಏಷ್ಯಾದ ಕೂಲಿಗಳು ಎಲ್ಲಿ? ಮಲಯದ ರಬ್ಬರ್ ತೋಟಗಳ ತಮಿಳರು, ಬರ್ಮಾದವರು, ಜಾವಾದವರು ಸೇರಿ ಸುಮಾರು ಎರಡು ಲಕ್ಷ ಜನ ಇದ್ದರು. ಒಳ್ಳೆ ಸಂಬಳ ಅಂತ ನಂಬಿಸಿ ಕರೆತಂದವರು ಕೆಲವರು, ಎಳೆದು ತಂದವರು ಜಾಸ್ತಿ. ಸತ್ತವರು 90,000ದಷ್ಟು ಅಂತ ಅಂದಾಜು. ಕೈದಿಗಳ ಜೊತೆ ಅವರದೇ ಸೈನ್ಯದ ಡಾಕ್ಟರುಗಳಿದ್ದರು, ಹೆಸರು ಬರೆದಿಡುವವರಿದ್ದರು; ಈ ಕೂಲಿಗಳಿಗೆ ಯಾರೂ ಇರಲಿಲ್ಲ. ಹೆಚ್ಚಿನವರಿಗೆ ಸಮಾಧಿಯೇ ಇಲ್ಲ. ನಮ್ಮ ಕಡೆಯಿಂದ ಹೋಗುವವರು ಇದನ್ನು ತಿಳಿಯದೆ ಬಂದರೆ ಹೋಗಿದ್ದೇ ದಂಡ, ಅಲ್ವಾ?

ಸೇತುವೆಗೆ ಸಂಜೆ ಹೋಗಿ, ಅರ್ಧ ಗಂಟೆ ಸಾಕು. ಕಮಾನಿನ ಹಾಗೆ ಬಾಗಿದ ಕಬ್ಬಿಣದ ಚೌಕಟ್ಟುಗಳು ಯುದ್ಧಕಾಲದವು, ಜಾವಾದಿಂದ ಬಿಚ್ಚಿ ತಂದದ್ದು. ಮಧ್ಯದ ನೇರ ಅಂಚಿನವು ಬಾಂಬ್ ಬಿದ್ದ ಮೇಲೆ ಹಾಕಿದವು.

ಮರುದಿನ ಬೆಳಿಗ್ಗೆ ಬೇಗ ಬಸ್ ಹಿಡಿದು, ಬಂಡೆ ಕಡಿದು ರೈಲಿಗೆ ದಾರಿ ಮಾಡಿದ ಹೆಲ್‌ಫೈರ್ ಪಾಸ್‌ಗೆ ಹೋಗಿ, ಸುಮಾರು 80 ಕಿ.ಮೀ. ಪ್ರವೇಶ ಉಚಿತ. ಒಬ್ಬ ಉಕ್ಕಿನ ಸಲಾಕೆ ಹಿಡಿಯುವುದು, ಇನ್ನೊಬ್ಬ ಸುತ್ತಿಗೆಯಲ್ಲಿ ಬಡಿಯುವುದು, ಹೀಗೇ ಬಂಡೆಗೆ ತೂತು ಕೊರೆದು ಸಿಡಿಮದ್ದು ತುಂಬುತ್ತಿದ್ದರು. ರಾತ್ರಿಯೂ ಬೆಂಕಿ ಹೊತ್ತಿಸಿಕೊಂಡು ಕೆಲಸ, ಅದಕ್ಕೇ ನರಕದ ಬೆಂಕಿ ಅನ್ನುವ ಆ ಹೆಸರು. ಮುರಿದ ಸಲಾಕೆಯ ತುಂಡು ಇನ್ನೂ ಬಂಡೆಯಲ್ಲಿದೆ, ಹುಡುಕಿ ನೋಡಿ. ಚಪ್ಪಲಿಯಲ್ಲಿ ಹೋಗಬೇಡಿ, ಕೆಳಗೆಲ್ಲ ಜಲ್ಲಿಕಲ್ಲು. ನೀರು ಜಾಸ್ತಿ ಇಟ್ಟುಕೊಳ್ಳಿ.

ವಾಪಸ್ ಬರಲು ನಾಮ್ ಟೋಕ್‌ನಿಂದ ರೈಲು ಹತ್ತಿ ಬಲಗಡೆ ಕೂತುಕೊಳ್ಳಿ, ಬಂಡೆಗೆ ಅಂಟಿಕೊಂಡಿರುವ ವಾಂಪೊ ಮರದ ಸೇತುವೆ ಆಗಲೇ ಚೆನ್ನಾಗಿ ಕಾಣುವುದು. ದಿನಕ್ಕೆ ಕೆಲವೇ ಗಾಡಿ, ಬೆಳಿಗ್ಗೆಯೇ ಸಮಯ ಕೇಳಿಕೊಂಡಿರಿ.