ಕುದುರೆಯಲ್ಲಿ ಕಾಲು ಪಾಲು

ನಾಲ್ಕು ಜನ ಸೇರಿ ಒಂದು ರೇಸ್ ಕುದುರೆ ಇಟ್ಟುಕೊಂಡಿದ್ದೇವೆ. ಹಲ್ಲಿನ ಡಾಕ್ಟರು ಒಬ್ಬರು, ಸಕಲೇಶಪುರದ ಕಡೆಯ ಕಾಫಿ ಪ್ಲಾಂಟರ್ ಒಬ್ಬರು, ಪ್ರಿಂಟಿಂಗ್ ಪ್ರೆಸ್ ನಡೆಸುವ ನನ್ನ ಚಿಕ್ಕಪ್ಪನ ಮಗ, ಮತ್ತೆ ನಾನು. ವಿಮೆ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ರಿಟೈರ್ ಆದವಳು, ಹಾಗಾಗಿ ಗುಂಪಿನ ಲೆಕ್ಕದ ಪುಸ್ತಕ ನನ್ನ ಕೈಗೇ ಬಂತು. ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ. ರೇಸ್ ಕ್ಲಬ್ 1891ರಿಂದ ಇದೆ, ನಮಗೇನೂ ಹೊಸದಲ್ಲ. ಆದರೂ ಮನೆಯಲ್ಲಿ ಅದರ ಹೆಸರು ಎತ್ತಿದರೆ ಅಜ್ಜಿ "ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಕಳ್ಕೊಂಡೋರು ಎಷ್ಟು ಜನ ಗೊತ್ತೇನೇ" ಅಂತ ಶುರು ಮಾಡುತ್ತಿದ್ದರು.

ಈಚೆಗೆ ಪಾಲು ತಗೋಬೇಕು ಅಂತ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ದುಡ್ಡನ್ನು ನಾಲ್ಕು ಪಾಲು ಮಾಡಬಹುದು, ತೀರ್ಮಾನವನ್ನು ಮಾಡಲು ಆಗುವುದಿಲ್ಲ. ಸುಖದುಃಖ ಎರಡೂ ಅಲ್ಲಿಂದಲೇ ಹುಟ್ಟುತ್ತವೆ.

ಜೊತೆಗೆ ಯಾರು?

ಕುದುರೆ ನೋಡುವ ಮುಂಚೆ ಪಾಲುದಾರರನ್ನು ನೋಡಿ. ಗೆದ್ದಾಗ ಎಲ್ಲರೂ ಒಳ್ಳೆಯವರೇ. ಕುದುರೆ ಕಾಲು ನೋವು ಅಂತ ಮೂರು ತಿಂಗಳು ನಿಂತಾಗಲೂ ತಿಂಗಳ ಮೊದಲ ವಾರ ದುಡ್ಡು ಹಾಕುವವರು ಬೇಕು. ಇದು ಚೀಟಿ ವ್ಯವಹಾರದ ಹಾಗೆ, ಒಬ್ಬ ಕಂತು ತಪ್ಪಿಸಿದರೆ ಉಳಿದವರ ತಲೆಗೆ ಬರುತ್ತದೆ. ಕುದುರೆಯನ್ನು ತಮ್ಮ ಲಾಯದಲ್ಲಿ ಇಟ್ಟುಕೊಂಡು ಓಟಕ್ಕೆ ತಯಾರು ಮಾಡುವ ಟ್ರೈನರ್‌ಗೆ ಕೊಡಬೇಕಾದ ದುಡ್ಡು ನಿಂತರೆ ಹೆಸರು ಕೆಡುವುದು ಎಲ್ಲರದ್ದೂ.

ಪಾಲುದಾರರು ಕ್ಲಬ್ಬಿನಲ್ಲಿ ಮಾಲೀಕರಾಗಿ ನೋಂದಣಿ ಆಗಬೇಕು. ಅರ್ಜಿ ಹಾಕಬೇಕು, ಸ್ಟೀವರ್ಡ್‌ಗಳು (ರೇಸಿನ ನಿಯಮ ನೋಡಿಕೊಳ್ಳುವ ಕ್ಲಬ್ಬಿನವರು) ಒಪ್ಪಬೇಕು. ಯಾರಾದರೂ "ನಮ್ಮ ಕಂಪನಿಗೆ ದುಡ್ಡು ಕೊಡಿ, ಕುದುರೆಯಲ್ಲಿ ಪಾಲು ಕೊಡ್ತೀವಿ" ಅಂದರೆ ಒಂದೇ ಪ್ರಶ್ನೆ ಕೇಳಿ: ಕ್ಲಬ್ಬಿನ ದಾಖಲೆಯಲ್ಲಿ ನನ್ನ ಹೆಸರು ಇರುತ್ತಾ? ಉತ್ತರ ಸುತ್ತಿಬಳಸಿ ಬಂದರೆ ಕಾಫಿ ಕುಡಿದು ಎದ್ದು ಬನ್ನಿ.

ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಳ್ಳಿ. ಸ್ನೇಹಿತರು, ನೆಂಟರು ಅಂತ ಸಂಕೋಚ ಬೇಡ. ಟ್ರೈನರ್ ಜೊತೆ ಮಾತಾಡುವವರು ಒಬ್ಬರೇ ಅಂತ ಬರೆಯಿರಿ. ನಾಲ್ಕು ಜನ ನಾಲ್ಕು ಸಲ ಫೋನ್ ಮಾಡಿದರೆ ಯಾವ ಟ್ರೈನರೂ ಸಹಿಸುವುದಿಲ್ಲ. ಕುದುರೆ ಯಾವಾಗ ಓಡಬೇಕು, ಎಷ್ಟು ದೂರ, ಜಾಕಿ ಯಾರು, ಇವೆಲ್ಲ ಟ್ರೈನರ್‌ಗೆ ಬಿಟ್ಟದ್ದು. ನಮ್ಮ ಡಾಕ್ಟರಿಗೆ ಇದು ಇವತ್ತಿಗೂ ನುಂಗಲಾರದ ತುತ್ತು. ಇಂಟರ್ನೆಟ್ಟಿನಲ್ಲಿ ವಂಶಾವಳಿ ಓದಿ "ಇವಳಿಗೆ 1600 ಮೀಟರ್ ಕೊಡಬೇಕು" ಅಂತ ವಾದ ಮಾಡುತ್ತಾರೆ. ಬೇರೆಯವರು ಅವರ ಕ್ಲಿನಿಕ್ಕಿಗೆ ಹೋಗಿ ಯಾವ ಹಲ್ಲು ಕೀಳಬೇಕು ಅಂತ ಹೇಳಿದರೆ ಸುಮ್ನಿರುತ್ತಾರಾ?

ಔಷಧಿ, ಆಪರೇಷನ್ ಖರ್ಚಿಗೆ ಒಂದು ಮಿತಿ ಹಾಕಿ. ಅಷ್ಟರವರೆಗೆ ಟ್ರೈನರ್ ಯಾರನ್ನೂ ಕೇಳದೆ ಮುಂದುವರಿಯಬಹುದು ಅಂತ ಬರೆದುಕೊಡಿ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ದುಡ್ಡಿನ ಲೆಕ್ಕ

ಕುದುರೆಯ ಬೆಲೆ ಒಂದು ಸಲದ್ದು. ಸುಸ್ತು ಮಾಡುವುದು ತಿಂಗಳ ಬಿಲ್ಲು. ಸುಮ್ನೆ ಲೆಕ್ಕಕ್ಕೆ ತಿಂಗಳಿಗೆ 60 ಸಾವಿರ ಅಂತ ಇಟ್ಟುಕೊಳ್ಳಿ. ನಾಲ್ಕು ಜನಕ್ಕೆ ತಲಾ 15 ಸಾವಿರ, ವರ್ಷಕ್ಕೆ ಒಂದು ಲಕ್ಷ 80 ಸಾವಿರ. ಕುದುರೆ ಓಡಿದರೂ ಇದು ಬೇಕು, ಓಡದಿದ್ದರೂ ಬೇಕು. ಇದರ ಮೇಲೆ ಡಾಕ್ಟರ್ ಫೀಸು, ಲಾಳ, ರೇಸಿಗೆ ಹೆಸರು ಕೊಡುವ ಫೀಸು, ಮೈಸೂರಿಂದ ಬೆಂಗಳೂರಿಗೆ ಕರೆದುಕೊಂಡು ಹೋಗುವ ಗಾಡಿ ಬಾಡಿಗೆ, ವಿಮೆ. ಓಟ್ಸು, ಬೂಸಾ, ಕುದುರೆ ಮಸಾಲೆ ಸೊಪ್ಪು ಎಲ್ಲ ಸಾಮಾನ್ಯವಾಗಿ ಟ್ರೈನರ್ ಬಿಲ್ಲಿನಲ್ಲೇ ಸೇರಿರುತ್ತವೆ. ಯಾವುದು ಸೇರಿದೆ, ಯಾವುದು ಬೇರೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಎರಡು ವರ್ಷದ ಖರ್ಚು, ಒಂದು ರೂಪಾಯಿ ವಾಪಸ್ ಬರದಿದ್ದರೂ, ನಿಮ್ಮ ಮನೆ ನಡೆಯುವುದಕ್ಕೆ ತೊಂದರೆ ಆಗಬಾರದು. ಆಗುತ್ತದೆ ಅನ್ನಿಸಿದರೆ ಕಾಲು ಪಾಲು ಬಿಟ್ಟು ಹತ್ತರಲ್ಲಿ ಒಂದು ಪಾಲು ತಗೊಳ್ಳಿ, ಅಥವಾ ಗ್ಯಾಲರಿಯಲ್ಲಿ ಕೂತು ನೋಡಿ. ಅದೂ ಚೆನ್ನಾಗಿಯೇ ಇರುತ್ತದೆ.

ಗೆದ್ದ ದುಡ್ಡು ಪೂರ್ತಿ ನಿಮ್ಮದಲ್ಲ. ಟ್ರೈನರ್, ಜಾಕಿ, ಲಾಯದ ಹುಡುಗರ ಪಾಲು ಹೋಗಿ ಉಳಿದದ್ದು ನಾಲ್ಕು ಭಾಗ. ತೆರಿಗೆಯ ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ರೇಸ್ ಕುದುರೆ ಇಟ್ಟುಕೊಂಡು ಆದ ನಷ್ಟವನ್ನು ಸಂಬಳದ ಜೊತೆಗೋ ಅಂಗಡಿ ಲಾಭದ ಜೊತೆಗೋ ಹೊಂದಿಸಿ ತೆರಿಗೆ ಉಳಿಸಲು ಆಗುವುದಿಲ್ಲ. ಕುದುರೆಯ ನಷ್ಟ ಕುದುರೆಯ ಗಳಿಕೆಗೆ ಮಾತ್ರ. ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಅಷ್ಟೆ. "ಲಾಸ್ ತೋರಿಸ್ಬಹುದು ಮೇಡಂ" ಅಂತ ಆಸೆ ಹುಟ್ಟಿಸುವವರ ಮಾತು ಕೇಳುವ ಮುಂಚೆ ನಿಮ್ಮ ಆಡಿಟರ್‌ನ ಕೇಳಿ.

ಕುದುರೆ ಆರಿಸುವುದು

ಟ್ರೈನರ್ ಸಿಕ್ಕಿದ ಮೇಲೆಯೇ ಕುದುರೆ. ಕುದುರೆ ಕೊಂಡು ಆಮೇಲೆ ಟ್ರೈನರ್ ಹುಡುಕುವುದು ತಲೆಕೆಳಗಿನ ಕೆಲಸ. ಬೆಳಗಿನ ಜಾವ ಓಡಿಸುವ ಹೊತ್ತಿಗೆ ಅನುಮತಿ ತಗೊಂಡು ಹೋಗಿ ನೋಡಿ. ಲಾಯ ಎಷ್ಟು ಚೊಕ್ಕವಾಗಿದೆ, ಸೈಸ್‌ಗಳು, ಅಂದರೆ ಕುದುರೆ ನೋಡಿಕೊಳ್ಳುವ ಲಾಯದ ಹುಡುಗರು, ಕುದುರೆ ಹತ್ತಿರ ಹೇಗೆ ಮಾತಾಡುತ್ತಾರೆ, ಗಮನಿಸಿ. ಸೈಸ್ ಹತ್ತಿರ ಬಂದಾಗ ಕುದುರೆ ಕಿವಿ ಹಿಂದಕ್ಕೆ ಮಡಚಿ ಹಿಂಜರಿದರೆ ಆ ಲಾಯದಲ್ಲಿ ಏನೋ ಸರಿಯಿಲ್ಲ ಅಂತ ನನ್ನ ಲೆಕ್ಕ.

ನಮ್ಮ ದೇಶದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1 ಹುಟ್ಟುಹಬ್ಬ. ಜನವರಿಯಲ್ಲಿ ಹುಟ್ಟಿದ್ದಕ್ಕೂ ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೂ ಮುಂದಿನ ಜನವರಿಗೆ ಒಂದೇ ವಯಸ್ಸು. ಎರಡು ವರ್ಷದ ಮರಿ ಕೊಳ್ಳುವಾಗ ಹುಟ್ಟಿದ ತಿಂಗಳು ಕೇಳಿ. ತಡವಾಗಿ ಹುಟ್ಟಿದ್ದು ಚಿಕ್ಕದಾಗಿ ಕಂಡರೆ ದೋಷ ಅಂದುಕೊಳ್ಳಬೇಡಿ, ಆದರೆ ಬೇಗ ಓಡುತ್ತದೆ ಅಂತಲೂ ಕಾಯಬೇಡಿ. ಕಾಲಿನ ಎಕ್ಸ್‌ರೇ, ಗಂಟಲಿಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ, ಎರಡನ್ನೂ ನಿಮ್ಮ ಕಡೆಯ ಕುದುರೆ ಡಾಕ್ಟರಿಂದ ಮಾಡಿಸಿ. ಉಸಿರಾಡುವ ದಾರಿ ಸರಿಯಿಲ್ಲದ ಕುದುರೆ ಎಷ್ಟೇ ಚೆಲುವಾಗಿದ್ದರೂ ಕೊನೆಯ 200 ಮೀಟರ್‌ನಲ್ಲಿ ಕೈಕೊಡುತ್ತದೆ.

ಹೆಸರು ಇಡುವಾಗ ಒಂದು ಜಗಳ ಗ್ಯಾರಂಟಿ. ಇಂಗ್ಲಿಷಿನಲ್ಲಿ ಬರೆದರೆ ಜಾಗ ಬಿಟ್ಟಿದ್ದೂ ಸೇರಿ 18 ಅಕ್ಷರ ಮೀರಬಾರದು. ಡಾಕ್ಟರಿಗೆ ಹೆಂಡತಿ ಹೆಸರು ಬೇಕಿತ್ತು, ಪ್ಲಾಂಟರ್‌ಗೆ ತೋಟದ ಹೆಸರು. ಕಡೆಗೆ ಚೀಟಿ ಎತ್ತಿದೆವು. ಲಾಯದಲ್ಲಿ ಮಾತ್ರ ಎಲ್ಲರೂ ಅವಳನ್ನು ಗೌರಿ ಅಂತಲೇ ಕರೆಯುತ್ತಾರೆ. ಅದು ಸೈಸ್ ಇಟ್ಟ ಹೆಸರು, ಯಾರೂ ತಕರಾರು ಮಾಡಲಿಲ್ಲ.

ಕಾಯುವ ಕಾಲ

ಕೊಂಡ ಮರುತಿಂಗಳೇ ರೇಸು ಅಂತ ಇದ್ದರೆ ಆ ಆಸೆ ಬಿಡಿ. ಎಳೆ ಕುದುರೆಗಳಿಗೆ ಮುಂಗಾಲಿನ ಎಲುಬು ಬೇಗ ನೋಯುತ್ತದೆ. ಎಲುಬು ಗಟ್ಟಿಯಾಗುವ ಮುಂಚೆ ವೇಗದ ಓಟ ಬಿದ್ದರೆ ಹೀಗಾಗುತ್ತದೆ. ಆಗ ಓಟ ನಿಲ್ಲಿಸಿ ವಿಶ್ರಾಂತಿ. ಕಾಲಿನ ಹಿಂಭಾಗದ ಸ್ನಾಯುರಜ್ಜು ಎಳೆದುಕೊಂಡರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ. ಸ್ಟಾರ್ಟಿಂಗ್ ಗೇಟಿಗೆ ಹೆದರುವ ಕುದುರೆಗೆ ಅದನ್ನೂ ತಾಳ್ಮೆಯಿಂದ ಕಲಿಸಬೇಕು. ಈ ಹೊತ್ತಿನಲ್ಲಿ ವಾಟ್ಸಾಪ್ ಗುಂಪು ತಣ್ಣಗಾಗುತ್ತದೆ. ದುಡ್ಡು ಕೇಳುವ ನನ್ನ ಮೆಸೇಜು ಬಿಟ್ಟರೆ ಬೇರೇನೂ ಇರುವುದಿಲ್ಲ.

ಒಂದು ರಾತ್ರಿ ಗೌರಿಗೆ ಹೊಟ್ಟೆನೋವು ಬಂತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಗಾಳಿಯೋ ಮೇವೋ ಕಟ್ಟಿಕೊಂಡರೆ ಹೊರಗೆ ಹಾಕುವ ದಾರಿಯಿಲ್ಲ, ಕರುಳು ತಿರುಚಿಕೊಂಡರೆ ಜೀವಕ್ಕೇ ಅಪಾಯ. ಟ್ರೈನರ್ ಫೋನ್ ಮಾಡಿದಾಗ ಪ್ಲಾಂಟರ್ ತೋಟದಲ್ಲಿದ್ದರು, ಸಿಗ್ನಲ್ ಇಲ್ಲ. ಚಿಕ್ಕಪ್ಪನ ಮಗ ಫೋನ್ ಆಫ್ ಮಾಡಿ ಮಲಗಿದ್ದ. ಆದರೆ ಯಾರನ್ನೂ ಕಾಯಬೇಕಾಗಲಿಲ್ಲ, ಖರ್ಚಿನ ಮಿತಿ ಮೊದಲೇ ಬರೆದಿತ್ತಲ್ಲ. ಕುದುರೆ ಡಾಕ್ಟರು ಬಂದು ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದರು. ಸೈಸ್ ಬೆಳಗಿನವರೆಗೂ ಅವಳ ಹತ್ತಿರವೇ ಇದ್ದ. ಅವನ ಹೆಸರಿಗೆ ಪ್ರತಿ ದೀಪಾವಳಿಗೂ ನಮ್ಮ ಲೆಕ್ಕದಲ್ಲಿ ಒಂದು ಸಾಲು ಇದೆ. ಬೇರೆ ಯಾವ ಖರ್ಚಿಗೆ ಚರ್ಚೆ ಆದರೂ ಅದಕ್ಕೆ ಆಗುವುದಿಲ್ಲ.

ಗೆದ್ದ ದಿನ

ಮೊದಲು ನಾಲ್ಕನೇ ಸ್ಥಾನದ ರುಚಿ ನೋಡಿ. ನಗಬೇಡಿ. ಹತ್ತು ಹನ್ನೆರಡು ಕುದುರೆಗಳಲ್ಲಿ ನಾಲ್ಕನೆಯದಾಗಿ ಬಂದು ಒಂದಿಷ್ಟು ದುಡ್ಡು ತಂದಾಗ ನಾವು ಮಾಡಿದ ಗಲಾಟೆ ನೋಡಿ ಪಕ್ಕದವರು ಗೆದ್ದಿದ್ದೇ ನಾವು ಅಂದುಕೊಂಡರು.

ಗೆಲುವು ಬಂದದ್ದು ಮೈಸೂರಿನಲ್ಲಿ, ದಸರಾ ಹತ್ತಿರದ ಒಂದು 1200 ಮೀಟರ್ ಓಟದಲ್ಲಿ. ಒಂದು ನಿಮಿಷ ಚಿಲ್ಲರೆಯ ಆಟ. ತಿರುವಿನಲ್ಲಿ ನಮ್ಮ ಜಾಕಿಯ ಅಂಗಿ ಬಣ್ಣ ಕಾಣಲೇ ಇಲ್ಲ. ನೇರ ದಾರಿಗೆ ಬಂದಾಗ ಜಾಕಿ ಹೊರಗಡೆಗೆ ತಂದ. ಆಮೇಲೆ ನಡೆದದ್ದು ನನಗೆ ನೆನಪಿಲ್ಲ, ಯಾಕೆಂದರೆ ಮೂರು ಮಾತಿಗಿಂತ ಜಾಸ್ತಿ ಆಡದ ಪ್ಲಾಂಟರ್ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ಗೆದ್ದ ಕುದುರೆಯನ್ನು ಮಾಲೀಕರು ಹಗ್ಗ ಹಿಡಿದು ಒಳಗೆ ಕರೆತರುವುದು ಪದ್ಧತಿ. ಹಗ್ಗ ಒಂದು, ಮಾಲೀಕರು ನಾಲ್ಕು, ಜೊತೆಗೆ ಡಾಕ್ಟರ ಮನೆಯ ಮಕ್ಕಳು, ಮೊಮ್ಮಕ್ಕಳು. ಆ ಫೋಟೋದಲ್ಲಿ ಕುದುರೆಯ ಕಿವಿ ಮಾತ್ರ ಕಾಣುತ್ತದೆ. ಮೊದಲ ಸಲ ಯಾರು ಹಗ್ಗ ಹಿಡಿಯಬೇಕು ಅನ್ನುವುದನ್ನೂ ಒಪ್ಪಂದದಲ್ಲಿ ಸೇರಿಸಿ. ತಮಾಷೆಗೆ ಹೇಳುತ್ತಿಲ್ಲ.

ಗೆದ್ದ ಸಂತೋಷ ಜಾಸ್ತಿ ದಿನ ಇರುವುದಿಲ್ಲ. ಗೆದ್ದರೆ ಕುದುರೆಯ ರೇಟಿಂಗ್, ಅಂದರೆ ಅದರ ಸಾಮರ್ಥ್ಯಕ್ಕೆ ಕೊಡುವ ಅಂಕ, ಏರುತ್ತದೆ. ಎಲ್ಲ ಕುದುರೆಗೂ ಸಮ ಅವಕಾಶ ಇರಲಿ ಅಂತ ಭಾರ ಹೊರಿಸುವ ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ರೇಟಿಂಗ್ ಜಾಸ್ತಿಯಾದ ಹಾಗೆ ಹೊರುವ ಭಾರವೂ ಜಾಸ್ತಿ, ಒಂದು ಪಾಯಿಂಟಿಗೆ ಅರ್ಧ ಕಿಲೋ. ಜಾಕಿ ಹಗುರವಾಗಿದ್ದರೆ ಸೀಸದ ತುಂಡು ಸೇರಿಸಿ ತೂಕ ಸರಿಮಾಡುತ್ತಾರೆ. ಇಲ್ಲವಾದರೆ ಮೇಲಿನ ದರ್ಜೆಗೆ ಹೋಗಿ ಗಟ್ಟಿ ಕುದುರೆಗಳ ಜೊತೆ ಓಡಬೇಕು. ಗೌರಿ ಮುಂದಿನ ಓಟದಲ್ಲಿ ಹಿಂದಿನ ಸಾಲಿನಲ್ಲಿ ಬಂದಳು. ಅವಳು ಕೆಟ್ಟಿರಲಿಲ್ಲ, ಲೆಕ್ಕ ಇರುವುದೇ ಹಾಗೆ. ಇದು ಗೊತ್ತಿಲ್ಲದ ಪಾಲುದಾರರು ಆ ಸಂಜೆಯೇ ಜಾಕಿಯನ್ನು ಬೈಯಲು ಶುರು ಮಾಡುತ್ತಾರೆ.

ಇನ್ನೊಂದು ಕಾಟ ಟಿಪ್ ಕೇಳುವವರದ್ದು. ಮದುವೆ ಮನೆಯಲ್ಲಿ ಕೂಡ "ಆಂಟಿ, ಈ ಸಲ ನಿಮ್ದು ಬರುತ್ತಾ?" ನಾನು ಎಲ್ಲರಿಗೂ ಬರಲ್ಲ ಅಂತಲೇ ಹೇಳುತ್ತೇನೆ. ಬಂದರೆ ಕೋಪ ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ. ಬರುತ್ತದೆ ಅಂದು ಬರದಿದ್ದರೆ ನೆಂಟಸ್ತನವೇ ಹೋಗುತ್ತದೆ.

ನಮ್ಮ ಕೈಯಲ್ಲಿಲ್ಲದ್ದು

ಕುದುರೆ ಓಟ ಜೂಜಲ್ಲ, ಚಾಣಾಕ್ಷತೆಯ ಆಟ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಹಾಗಂತ ಸರ್ಕಾರದ ಕಡೆಯಿಂದ ಚಿಂತೆ ಇಲ್ಲ ಅಂತಲ್ಲ. ರೇಸಿನ ಬಹುಮಾನದ ಹಣ ಕ್ಲಬ್ಬಿನ ಆದಾಯವನ್ನು ನಂಬಿದೆ, ಆ ಆದಾಯ ಜನ ಕಟ್ಟುವ ಬಾಜಿಯನ್ನು ನಂಬಿದೆ. ಬಾಜಿಯ ಮೇಲೆ 2017ರಲ್ಲಿ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್‌ನಿಂದ ಅದು ಶೇ 40. ಬಾಜಿ ಕಟ್ಟದ ಮಾಲೀಕರಿಗೂ ಇದರ ಬಿಸಿ ತಟ್ಟುತ್ತದೆ.

2020ರಲ್ಲಿ ಲಾಕ್‌ಡೌನ್ ಬಂದು ರೇಸು ನಿಂತಿತು. ಮೇವು, ಸಂಬಳ ನಿಲ್ಲಲಿಲ್ಲ. 2024ರ ಜೂನ್‌ನಲ್ಲಿ ಬೆಂಗಳೂರಿನ ರೇಸ್ ಲೈಸೆನ್ಸ್ ವಿಷಯ ಹೈಕೋರ್ಟಿಗೆ ಹೋಯಿತು. ಒಂದು ಪೀಠ ಅನುಮತಿ ಕೊಟ್ಟಿತು, ಕೆಲವೇ ದಿನದಲ್ಲಿ ವಿಭಾಗೀಯ ಪೀಠ ತಡೆ ಹಾಕಿತು. ಅದೇ ತಿಂಗಳು ಊಟಿ ರೇಸ್‌ಕೋರ್ಸ್ ಜಾಗವನ್ನು ತಮಿಳುನಾಡು ಸರ್ಕಾರ ವಾಪಸ್ ತಗೊಂಡಿತು, ಸೆಪ್ಟೆಂಬರ್‌ನಲ್ಲಿ ಚೆನ್ನೈನ ಗಿಂಡಿ ರೇಸ್‌ಕೋರ್ಸಿಗೂ ಬೀಗ ಬಿತ್ತು. ಆದ್ದರಿಂದ ಆರು ತಿಂಗಳ ಖರ್ಚನ್ನು ಗುಂಪಿನ ಖಾತೆಯಲ್ಲಿ ಯಾವಾಗಲೂ ಇಟ್ಟಿರಿ.

ಬಿಡುವಾಗ

ಪಾಲುದಾರರೊಬ್ಬರು ಹೊರಗೆ ಹೋಗುವುದಾದರೆ ಮೊದಲು ಉಳಿದವರಿಗೆ ಕೇಳಬೇಕು, ಬೆಲೆ ಹೇಗೆ ಕಟ್ಟಬೇಕು, ಪಾಲುದಾರರು ತೀರಿಕೊಂಡರೆ ಮನೆಯವರ ಸ್ಥಾನ ಏನು, ಇವನ್ನು ಎಲ್ಲರೂ ನಗುನಗುತ್ತಾ ಇರುವಾಗಲೇ ಬರೆದು ಮುಗಿಸಿ. ಮಾರಲು ಮೂರು ಜನ ಒಪ್ಪಿದರೆ ಸಾಕು ಅಂತ ನಮ್ಮಲ್ಲಿದೆ. ಎಲ್ಲರೂ ಒಪ್ಪಬೇಕು ಅಂತ ಇಟ್ಟರೆ ಯಾವುದೂ ಮುಗಿಯುವುದಿಲ್ಲ.

ಕುದುರೆ ಓಡುವುದು ಕೆಲವೇ ವರ್ಷ, ಬದುಕುವುದು 25 ವರ್ಷದ ಹತ್ತಿರ ಹತ್ತಿರ. ಓಟ ಮುಗಿದ ಮೇಲೆ ಎಲ್ಲಿಗೆ? ಹೆಣ್ಣಾದರೆ, ವಂಶ ಚೆನ್ನಾಗಿದ್ದರೆ, ತಳಿ ಫಾರಂಗೆ ಹೋಗಬಹುದು. ಸ್ವಭಾವ ಸಾಧುವಾಗಿದ್ದರೆ ಸವಾರಿ ಶಾಲೆ. ಉಳಿದವನ್ನು ಯಾರೋ ಬಂದು ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ, ಮಾಲೀಕರು ಕೇಳುವುದಿಲ್ಲ. ಈ ಕೇಳದಿರುವುದು ನನಗೆ ಸರಿ ಕಾಣುವುದಿಲ್ಲ. ಕುದುರೆ ಯಾರಿಗೆ ಕೊಡುತ್ತೀರೋ ಅವರ ಲಾಯ ಹೋಗಿ ನೋಡಿ, ಮುಂದೆ ಬೇರೆಯವರಿಗೆ ಕೊಡುವುದಾದರೆ ನಮಗೆ ತಿಳಿಸಬೇಕು ಅಂತ ಬರೆಸಿಕೊಳ್ಳಿ. ನಾವು ಪ್ರತಿ ತಿಂಗಳ ಕಂತಿನಲ್ಲಿ ಸ್ವಲ್ಪ ಭಾಗವನ್ನು ಗೌರಿಯ ರಿಟೈರ್‌ಮೆಂಟಿಗೆ ಅಂತ ಬೇರೆ ಖಾತೆಗೆ ಹಾಕುತ್ತೇವೆ. ಅದರಿಂದ ದುಡ್ಡು ತೆಗೆಯಲು ನಾಲ್ವರದ್ದೂ ಸಹಿ ಬೇಕು.