ಕಠಾರಿಯ ಬದಲು ಐದು ರೂಪಾಯಿ

ರಬ್ಬರ್ ಸುತ್ತಿ ಹಾರಿಸುವ ಮಾದರಿ ವಿಮಾನ ಮಾಡೋದು ನನ್ನ ಹಳೇ ಹುಚ್ಚು. ಈ ಸಲ ರಷ್ಯಾದ ನೌಕಾಪಡೆ ಅಧಿಕಾರಿ ಅಲೆಕ್ಸಾಂಡರ್ ಮೊಝೈಸ್ಕಿಯ ವಿಮಾನಕ್ಕೆ ಕೈ ಹಾಕಿದೆ. ಅವರಿಗೆ ಅದರ ಪೇಟೆಂಟ್ ಸಿಕ್ಕಿದ್ದು 1881ರಲ್ಲಿ. ಆಗ ರೈಟ್ ಸೋದರರು ಇನ್ನೂ ಹುಡುಗರು.

ಚಿತ್ರ ನೋಡಿದರೆ ಸಾಕು, ಹಡಗಿನವರ ಕೆಲಸ ಅಂತ ಗೊತ್ತಾಗುತ್ತದೆ. ದೋಣಿಯಂಥ ಒಡಲು, ಮೇಲೆ ಕಂಬ, ಕಂಬದಿಂದ ರೆಕ್ಕೆಗೆ ಬಿಗಿದ ತಂತಿ. ರೆಕ್ಕೆಯೋ ಚಪ್ಪಟೆ, ಸಿಕ್ಕಾಪಟ್ಟೆ ಅಗಲ. ನನ್ನದರಲ್ಲಿ ರೆಕ್ಕೆ 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ. ತೆಳು ಥರ್ಮಾಕೋಲ್, ಬಾಲ್ಸಾ ಅನ್ನೋ ಹಗುರ ಮರದ ಕಡ್ಡಿ, ಬಿಳಿ ಗೋಂದು, ಅಷ್ಟೆ. ಅವರದಕ್ಕೆ ಮೂರು ಪ್ರೊಪೆಲ್ಲರ್ ಇದ್ದವು. ನಾನು ಮುಂದಿನದೊಂದನ್ನೇ ಇಟ್ಟೆ. ಒಟ್ಟು 35 ಗ್ರಾಂ. "ಇದೇನ್ರೀ, ಮಣೆಗೆ ಬಾಲ ಅಂಟಿಸಿದ್ದೀರಾ?" ಅಂದಳು ಹೆಂಡತಿ.

ಕೈಬಿಟ್ಟ ತಕ್ಷಣ ಮೂತಿ ಎತ್ತಿ, ನಿಂತು, ಬಾಲ ಕೆಳಗಾಗಿ ಬಿತ್ತು. ಹತ್ತು ಸಲವೂ ಇದೇ ಕತೆ. ತಪ್ಪು ನನ್ನದೇ. ತೂಕದ ನಡುಬಿಂದು ರೆಕ್ಕೆಯ ಮಧ್ಯಕ್ಕೆ ಬರಲಿ ಅಂತ ಇಟ್ಟಿದ್ದೆ. ಚಪ್ಪಟೆ ರೆಕ್ಕೆಯಲ್ಲಿ ಗಾಳಿ ಎತ್ತುವುದು ಮುಂಭಾಗದಲ್ಲೇ ಜಾಸ್ತಿ. ಮೂತಿಗೆ ಜೇಡಿಮಣ್ಣು ಮೆತ್ತುತ್ತಾ ಹೋದೆ. ರೆಕ್ಕೆಯ ಮುಂದಿನ ಅಂಚಿನಿಂದ 7 ಸೆಂ.ಮೀ. ಹಿಂದೆ, ಎರಡು ಬೆರಳ ಮೇಲೆ ಇಟ್ಟರೆ ಸಮ ನಿಲ್ಲುವ ಹಾಗಾಯಿತು. ಆಮೇಲೆ ಖಾಲಿ ಕಲ್ಯಾಣ ಮಂಟಪದಲ್ಲಿ ಈ ತುದಿಯಿಂದ ಆ ತುದಿಗೆ ಹೋಯಿತು!

ಮೊಝೈಸ್ಕಿಯೂ 1870ರ ದಶಕದಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ, ಕುದುರೆ ಸವಾರಿ ಕಲಿಸುವ ದೊಡ್ಡ ಹಾಲ್‌ನಲ್ಲಿ ಪುಟ್ಟ ಮಾದರಿ ಹಾರಿಸಿದ್ದರು. ಅದರ ಮೇಲೆ ಅಧಿಕಾರಿಗಳು ಸೊಂಟಕ್ಕೆ ಸಿಕ್ಕಿಸುವ ಕಠಾರಿಯನ್ನೂ ಹೊರಿಸಿದ್ದರಂತೆ. ನನ್ನ ಹತ್ತಿರ ಕಠಾರಿ ಎಲ್ಲಿಂದ ಬರಬೇಕು? ಐದು ರೂಪಾಯಿ ನಾಣ್ಯ ಅಂಟಿಸಿದೆ. ಸುಮಾರು 6 ಗ್ರಾಂ. ಹೊತ್ತುಕೊಂಡೇ ಹೋಯಿತು.

ಮಾದರಿಯಾಗಿ ಇಷ್ಟು ಚೆನ್ನಾಗಿ ಹಾರಿದ ಮೊಝೈಸ್ಕಿಯ ವಿಮಾನ ದೊಡ್ಡದಾದಾಗ ಯಾಕೆ ಹಾರಲಿಲ್ಲ? ಲೆಕ್ಕ ಕ್ರೂರ ಕಣ್ರೀ. ಅಳತೆ ಎರಡು ಪಟ್ಟಾದರೆ ರೆಕ್ಕೆಯ ಹರವು ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಇಂಗ್ಲೆಂಡಿನಿಂದ ತರಿಸಿದ ಎರಡು ಉಗಿ ಎಂಜಿನ್‌ಗಳದ್ದು ಸೇರಿ 30 ಅಶ್ವಶಕ್ತಿ. ಆ ಭಾರಕ್ಕೆ ಅದು ಏನೇನೂ ಸಾಲದು. 1880ರ ದಶಕದಲ್ಲಿ ಪೀಟರ್ಸ್‌ಬರ್ಗ್ ಹತ್ತಿರದ ಕ್ರಾಸ್ನೊಯೆ ಸೆಲೊದಲ್ಲಿ ಪರೀಕ್ಷೆ ಮಾಡಿದಾಗ ಅದು ವಾಲಿ ರೆಕ್ಕೆ ಮುರಿಯಿತು.

ನಾನು ಆಸೆಗೆ ಬಿದ್ದು ಎರಡನೇ ನಾಣ್ಯ ಅಂಟಿಸಿದೆ. ನೇರ ಪ್ಲಾಸ್ಟಿಕ್ ಕುರ್ಚಿಗಳ ರಾಶಿಗೆ ಹೋಗಿ ಬಡಿಯಿತು. ನನ್ನದೂ ರೆಕ್ಕೆಯೇ ಮುರಿದದ್ದು, ಎಡಗಡೆಯದು.