ಬಾಡಿಗೆ ಹೋಸ್ಟ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್: ಮೊದಲು ಒಂದು ಜಮೆಯನ್ನು ಬಿಡಿಸಿ ನೋಡಿ

ಮನೆಯನ್ನೋ ಕೋಣೆಯನ್ನೋ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರ ಲೆಕ್ಕಪುಸ್ತಕ ಬರೆಯುವುದು ನನ್ನ ಕೆಲಸ. ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, ‘ಯಾವ ಸಾಫ್ಟ್‌ವೇರ್ ತಗೊಳ್ಳಲಿ?’ ಹೆಸರು ಹೇಳುವ ಮುಂಚೆ ಅವರ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಸಾಲು ತೋರಿಸಿ ಅನ್ನುತ್ತೇನೆ. ಬಾಡಿಗೆ ಬುಕಿಂಗಿನ ಆನ್‌ಲೈನ್ ವೇದಿಕೆ ಏರ್‌ಬಿಎನ್‌ಬಿಯಿಂದ 32,450 ಜಮೆ ಅಂತ ಇದೆ ಅಂದುಕೊಳ್ಳಿ. ಆ ಮೊತ್ತದ ಹೊಟ್ಟೆಯೊಳಗೆ ಏನೇನಿದೆ ಅಂತ ಬಿಡಿಸಿ ತೋರಿಸುವ ಸಾಫ್ಟ್‌ವೇರ್ ನಿಮಗೆ ಬೇಕು. ಮಿಕ್ಕ ಸೌಲಭ್ಯಗಳನ್ನು ಆಮೇಲೆ ನೋಡಿದರಾಯಿತು.

ಬಿಡಿಸಿ ನೋಡೋಣ. ಮೊದಲ ಅತಿಥಿ ನಾಲ್ಕು ರಾತ್ರಿ ಉಳಿದರು, ರಾತ್ರಿಗೆ 5,000. ಸ್ವಚ್ಛತಾ ಶುಲ್ಕ 2,000 ಸೇರಿ 22,000. ಎರಡನೆಯವರು ಎರಡು ರಾತ್ರಿ, 5,500ರಂತೆ. ಅದೇ ಸ್ವಚ್ಛತಾ ಶುಲ್ಕ ಸೇರಿ 13,000. ಒಟ್ಟು 35,000. ಹೋಸ್ಟ್ ಶುಲ್ಕ, ಅಂದರೆ ವೇದಿಕೆ ನಿಮ್ಮಿಂದ ಹಿಡಿದುಕೊಳ್ಳುವ ಕಮಿಷನ್, ಶೇ. 3 ಅಂತ ಹಿಡಿದರೆ 1,050 ಅಲ್ಲೇ ಕಡಿತವಾಯಿತು. ಹಿಂದಿನ ವಾರ ಬಿಸಿನೀರು ಬರಲಿಲ್ಲವೆಂದು ಇನ್ನೊಬ್ಬ ಅತಿಥಿಗೆ ಮರಳಿಸಿದ 1,500 ಕೂಡ ಇದರಲ್ಲೇ ವಜಾ ಆಯಿತು. ಉಳಿದದ್ದು 32,450, ಒಂದೇ ಜಮೆಯಾಗಿ ಬ್ಯಾಂಕಿಗೆ ಬಂತು.

ಸಾಮಾನ್ಯ ಸಾಫ್ಟ್‌ವೇರ್ ಬ್ಯಾಂಕಿನ ಈ ಸಾಲನ್ನು ಎಳೆದುಕೊಂಡು, ‘ಬಾಡಿಗೆ ಆದಾಯ 32,450’ ಅಂತ ಬರೆದು ಮುಂದೆ ಹೋಗುತ್ತದೆ. ತಾಳೆ ಆಯಿತು ಅಂತ ಹಸಿರು ಗುರುತೂ ಹಾಕುತ್ತದೆ. ಆದರೆ ನಿಮ್ಮ ಆದಾಯ 35,000, ಕಮಿಷನ್ ಖರ್ಚು 1,050, ಮರುಪಾವತಿ 1,500. ಈ ಮೂರೂ ಬೇರೆ ಬೇರೆ ಸಾಲುಗಳಲ್ಲಿ ಇರಲೇಬೇಕು. ಯಾಕೆಂದರೆ ತೆರಿಗೆ ಇಲಾಖೆಗೆ ವೇದಿಕೆಗಳು ಕಳಿಸುವ ಮಾಹಿತಿ ಬ್ಯಾಂಕಿಗೆ ಬಂದ ಮೊತ್ತದ ಮೇಲೆ ನಿಂತಿರುವುದಿಲ್ಲ. ಅಮೆರಿಕದ 1099-ಕೆ ನಮೂನೆಯಲ್ಲಿ ಶುಲ್ಕ, ಮರುಪಾವತಿ ಕಳೆಯುವ ಮುಂಚಿನ ಒಟ್ಟು ಮೊತ್ತ ಇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜಾರಿಯಲ್ಲಿರುವ ಡಿಎಸಿ7 ನಿಯಮದ ಪ್ರಕಾರ ವೇದಿಕೆಗಳು ಪ್ರತಿ ಆಸ್ತಿಗೂ ಮೂರು ತಿಂಗಳಿಗೊಮ್ಮೆಯ ಆದಾಯ, ಹಿಡಿದುಕೊಂಡ ಶುಲ್ಕ, ಬಾಡಿಗೆಗೆ ಹೋದ ದಿನಗಳ ಸಂಖ್ಯೆ ಎಲ್ಲವನ್ನೂ ವರದಿ ಮಾಡುತ್ತವೆ. ಇಲಾಖೆಯ ಬಳಿ 35,000 ಇದ್ದು ನಿಮ್ಮ ಪುಸ್ತಕದಲ್ಲಿ 32,450 ಇದ್ದರೆ, ನೀವು ಪ್ರಾಮಾಣಿಕರಾಗಿದ್ದರೂ ನೋಟಿಸಿಗೆ ಉತ್ತರ ಬರೆಯುತ್ತಾ ಕೂರಬೇಕಾಗುತ್ತದೆ.

ಇದಕ್ಕೆ ಲೆಕ್ಕಿಗರು ಬಳಸುವ ಹಳೆಯ ಉಪಾಯ ಕ್ಲಿಯರಿಂಗ್ ಖಾತೆ. ವೇದಿಕೆಯ ಹೆಸರಿನಲ್ಲೇ ಒಂದು ಮಧ್ಯಂತರ ಖಾತೆ ತೆರೆಯಿರಿ. ಬುಕಿಂಗಿನ ಪೂರ್ತಿ ಮೊತ್ತ ಅದರೊಳಗೆ ಹೋಗುತ್ತದೆ. ಕಮಿಷನ್, ಮರುಪಾವತಿ, ಬ್ಯಾಂಕಿಗೆ ಬಂದ ಹಣ ಅದರಿಂದ ಹೊರಗೆ ಬರುತ್ತವೆ. ಪಾವತಿಯಾದ ಬುಕಿಂಗ್‌ಗಳನ್ನೆಲ್ಲ ಬರೆದ ಮೇಲೆ ಅದರಲ್ಲಿ ಸೊನ್ನೆ ಉಳಿಯಬೇಕು. ಸೊನ್ನೆ ಬರದಿದ್ದರೆ ಎಲ್ಲೋ ಒಂದು ಬುಕಿಂಗ್ ಬಿಟ್ಟುಹೋಗಿದೆ ಅಥವಾ ಎರಡು ಸಲ ಹತ್ತಿದೆ. ಲೆಕ್ಕಪತ್ರದ ಸಾಫ್ಟ್‌ವೇರ್‌ಗಳಾದ ಕ್ವಿಕ್‌ಬುಕ್ಸ್ ಆನ್‌ಲೈನ್, ಜೀರೋ (Xero), ಜೋಹೋ ಬುಕ್ಸ್, ಟ್ಯಾಲಿ ಎಲ್ಲದರಲ್ಲೂ ಇಂಥ ಖಾತೆಯನ್ನು ಕೈಯಾರೆ ಮಾಡಿಕೊಳ್ಳಬಹುದು. ಅದನ್ನು ತಾನಾಗಿ ತುಂಬುವ ಸಂಪರ್ಕ ಇದೆಯೇ ಅನ್ನುವುದೇ ನೀವು ಕೇಳಬೇಕಾದ ಪ್ರಶ್ನೆ. ಓನರ್‌ರೆಜ್, ಗೆಸ್ಟಿ, ಹೋಸ್ಟ್‌ಅವೇ ತರಹದ ಬುಕಿಂಗ್ ನಿರ್ವಹಣೆಯ ಸಾಫ್ಟ್‌ವೇರ್‌ಗಳು ಇರುವುದು ಬುಕಿಂಗ್ ಕಡೆಗೆ. ಲೆಕ್ಕಪತ್ರದ ಸಾಫ್ಟ್‌ವೇರ್ ಇರುವುದು ಬ್ಯಾಂಕ್ ಕಡೆಗೆ. ನಡುವಿನ ಕೊಂಡಿ ಬುಕಿಂಗಿಗೊಂದು ನಮೂದು ಕಳಿಸುತ್ತದೋ, ಇಲ್ಲ ತಿಂಗಳಿಗೊಂದು ಮೊತ್ತ ಸುರಿಯುತ್ತದೋ ಅಂತ ಕಣ್ಣಾರೆ ನೋಡಿ. ‘ಇಂಟಿಗ್ರೇಶನ್ ಇದೆ’ ಅಂತ ಮಾರಾಟದವರು ಎರಡಕ್ಕೂ ಹೇಳುತ್ತಾರೆ.

ವೇದಿಕೆಯಿಂದ ವೇದಿಕೆಗೆ ಹಣ ಬರುವ ದಾರಿಯೂ ಬೇರೆ. ಏರ್‌ಬಿಎನ್‌ಬಿ ಸಾಮಾನ್ಯವಾಗಿ ಅತಿಥಿ ಬಂದ ಸುಮಾರು 24 ಗಂಟೆಯ ಮೇಲೆ ಹಣ ಬಿಡುಗಡೆ ಮಾಡುತ್ತದೆ. 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಿನ ವಾಸವಾದರೆ ತಿಂಗಳ ಕಂತು. ಬುಕಿಂಗ್ ಡಾಟ್ ಕಾಮ್‌ನಲ್ಲಿ ಅತಿಥಿಯೇ ನಿಮಗೆ ಪೂರ್ತಿ ಹಣ ಕೊಟ್ಟು, ಕಮಿಷನ್ ಬಿಲ್ ಆಮೇಲೆ ಬರುವ ವ್ಯವಸ್ಥೆಯೂ ಉಂಟು. ಅಲ್ಲಿ ಒಂದು ತಿಂಗಳ ಆದಾಯ, ಅದರ ಕಮಿಷನ್ ಇನ್ನೊಂದು ತಿಂಗಳಲ್ಲಿ. ಒಂದು ವೇದಿಕೆಗೆ ಸೊಗಸಾಗಿ ಕೂತ ಸಾಫ್ಟ್‌ವೇರ್ ಇನ್ನೊಂದಕ್ಕೆ ಕೂರುತ್ತದೆ ಅಂತ ನಂಬಬೇಡಿ, ಎರಡನ್ನೂ ಪರೀಕ್ಷಿಸಿ. ನೇರವಾಗಿ ಬುಕ್ ಮಾಡುವವರಿಂದ ಪಡೆಯುವ ಮುಂಗಡ, ಅತಿಥಿ ಹೋಗುವಾಗ ಮರಳಿಸಬೇಕಾದ ಭದ್ರತಾ ಠೇವಣಿ ಇವೂ ಹಾಗೆಯೇ. ಠೇವಣಿ ಬೇರೆಯವರ ಹಣ. ಅದನ್ನು ಹೊಣೆಯ (ಲಯಬಿಲಿಟಿ, ಅಂದರೆ ಮರಳಿಸಬೇಕಾದ ಹಣದ) ಖಾತೆಯಲ್ಲಿ ಇಡುವ ಸೌಕರ್ಯ ಇಲ್ಲದ ಆ್ಯಪ್ ಅದನ್ನು ಆದಾಯಕ್ಕೆ ಸೇರಿಸಿ ನಿಮ್ಮ ತೆರಿಗೆ ಹೆಚ್ಚಿಸುತ್ತದೆ.

ತೆರಿಗೆಯಲ್ಲಿ ಎರಡು ಬಗೆ, ಎರಡನ್ನೂ ಒಂದೇ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂತ ನಿರೀಕ್ಷಿಸುವುದು ಕಷ್ಟ. ಒಂದು, ನಿಮ್ಮ ಆದಾಯದ ಮೇಲಿನದು. ಇನ್ನೊಂದು, ಅತಿಥಿಯಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ವಸತಿ ತೆರಿಗೆ ಅಥವಾ ಜಿಎಸ್‌ಟಿ, ವ್ಯಾಟ್. ಈ ಎರಡನೆಯದನ್ನು ಕೆಲವು ಕಡೆ ವೇದಿಕೆಯೇ ಕಟ್ಟುತ್ತದೆ, ಕೆಲವು ಕಡೆ ನೀವು. ನೇರ ಬುಕಿಂಗಿನಲ್ಲಿ ಸಾಮಾನ್ಯವಾಗಿ ನೀವೇ. ಹಾಗಾಗಿ ತೆರಿಗೆಯ ನಿಯಮವನ್ನು ವೇದಿಕೆವಾರು ಹೊಂದಿಸಲು ಬರಬೇಕು. ಇಲ್ಲವಾದರೆ ವೇದಿಕೆ ಆಗಲೇ ಕಟ್ಟಿದ್ದನ್ನು ಇನ್ನೊಮ್ಮೆ ಕಟ್ಟುತ್ತೀರಿ. ಅಮೆರಿಕದಲ್ಲಿ ಅವಲಾರಾದ ಮೈಲಾಡ್ಜ್‌ಟ್ಯಾಕ್ಸ್ ಈ ವಸತಿ ತೆರಿಗೆಯ ಕೆಲಸಕ್ಕೆಂದೇ ಇದೆ, ಪುಸ್ತಕ ಬರೆಯುವ ಕೆಲಸ ಅದರದಲ್ಲ.

ದರ ಬದಲಾದ ದಿನಾಂಕವನ್ನು ಸಾಫ್ಟ್‌ವೇರ್ ಗುರುತಿಸುತ್ತದೆಯೇ ಅಂತಲೂ ನೋಡಿ. ಭಾರತದಲ್ಲಿ ರಾತ್ರಿಗೆ 7,500 ರೂಪಾಯಿವರೆಗಿನ ಹೋಟೆಲ್ ವಸತಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ವಜಾ ಇಲ್ಲದೆ. ಒಂದೇ ತಿಂಗಳಲ್ಲಿ ಎರಡು ದರ. ದರದ ಜೊತೆ ಜಾರಿಯ ದಿನಾಂಕವನ್ನೂ ಇಟ್ಟುಕೊಳ್ಳದ ಸಾಫ್ಟ್‌ವೇರ್ ಹಳೆಯ ಬಿಲ್ಲುಗಳನ್ನೂ ಹೊಸ ದರಕ್ಕೆ ಎಳೆದುಬಿಡುವ ಅಪಾಯವಿದೆ. ಅಲ್ಲಿಯೇ ವೇದಿಕೆಗಳು ಪಾವತಿಯಿಂದ ಮುರಿದುಕೊಳ್ಳುವ ಟಿಡಿಎಸ್ ಕೂಡ ಇದೆ. ಅದು ಖರ್ಚಲ್ಲ, ನಿಮ್ಮ ಹೆಸರಿನಲ್ಲಿ ಸರ್ಕಾರದ ಬಳಿ ಇರುವ ಜಮೆ. ಕಮಿಷನ್ ಜೊತೆ ಸೇರಿಸಿ ಖರ್ಚಿಗೆ ಹಾಕಿದರೆ ವಾಪಸು ಕೇಳುವುದೇ ಮರೆತುಹೋಗುತ್ತದೆ, ಇದು ನಾನು ಹೊಸ ಪುಸ್ತಕ ತೆರೆದಾಗಲೆಲ್ಲ ಮೊದಲು ಹುಡುಕುವ ಸಾಲು. ಬ್ರಿಟನ್ನಿನಲ್ಲಂತೂ ಸಾಫ್ಟ್‌ವೇರ್ ಆಯ್ಕೆಯೇ ಕಾನೂನಿನ ವಿಷಯ: ಬಾಡಿಗೆ ಮತ್ತು ಸ್ವಂತ ಉದ್ಯೋಗದ ಒಟ್ಟು ವರಮಾನ 50,000 ಪೌಂಡ್ ಮೀರಿದವರು 2026ರ ಏಪ್ರಿಲ್ 6ರಿಂದ ಡಿಜಿಟಲ್ ದಾಖಲೆ ಇಟ್ಟು, ಮಾನ್ಯ ಸಾಫ್ಟ್‌ವೇರ್ ಮೂಲಕವೇ ಮೂರು ತಿಂಗಳಿಗೊಮ್ಮೆ ವಿವರ ಕಳಿಸಬೇಕು.

ಒಂದಕ್ಕಿಂತ ಹೆಚ್ಚು ಮನೆ ಇದ್ದರೆ ಪ್ರತಿ ಮನೆಯ ಲಾಭನಷ್ಟ ಬೇರೆ ಬೇರೆ ಕಾಣಬೇಕು. ಕ್ವಿಕ್‌ಬುಕ್ಸ್ ಆನ್‌ಲೈನ್‌ನಲ್ಲಿ ಇದಕ್ಕೆ ‘ಕ್ಲಾಸ್’, ಆದರೆ ಅದು ಪ್ಲಸ್ ಮತ್ತು ಅದರ ಮೇಲಿನ ಯೋಜನೆಗಳಲ್ಲಿ. ಜೀರೋದಲ್ಲಿ ‘ಟ್ರ್ಯಾಕಿಂಗ್ ಕೆಟಗರಿ’, ಏಕಕಾಲಕ್ಕೆ ಎರಡು ಮಾತ್ರ. ಒಂದನ್ನು ಮನೆಗೆ, ಇನ್ನೊಂದನ್ನು ವೇದಿಕೆಗೆ ಇಟ್ಟರೆ ಮುಗಿಯಿತು. ಟ್ಯಾಲಿಯಲ್ಲಿ ‘ಕಾಸ್ಟ್ ಸೆಂಟರ್’. ಅಗ್ಗದ ಯೋಜನೆ ನೋಡಿ ಸೇರುವ ಮುಂಚೆ ಈ ಸೌಲಭ್ಯ ಯಾವ ಯೋಜನೆಯಲ್ಲಿದೆ ಅಂತ ನೋಡಿ, ಆ ಬೆಲೆಯನ್ನೇ ನಿಜವಾದ ಬೆಲೆ ಅಂತ ತಿಳಿಯಿರಿ. ಬೇರೆಯವರ ಮನೆ ನೀವು ನಡೆಸುವುದಾದರೆ ಮಾತೇ ಬೇರೆ: ಅತಿಥಿಯ ಹಣ ಮಾಲೀಕರದು, ನಿಮ್ಮ ಆದಾಯ ನಿರ್ವಹಣಾ ಶುಲ್ಕ ಮಾತ್ರ. ಮಾಲೀಕರಿಗೆ ತಿಂಗಳ ವಿವರಪಟ್ಟಿ ಕೊಡಲಾಗದ ಸಾಫ್ಟ್‌ವೇರ್ ಅಲ್ಲಿ ಕೆಲಸಕ್ಕೆ ಬಾರದು.

ಒಂದೇ ಕೋಣೆ, ತಿಂಗಳಿಗೆ ಬೆರಳೆಣಿಕೆಯ ಬುಕಿಂಗ್ ಇರುವವರಿಗೆ ನಾನು ಸ್ಪ್ರೆಡ್‌ಶೀಟ್ ಸಾಕು ಅಂತಲೇ ಹೇಳುತ್ತೇನೆ. ಬುಕಿಂಗಿಗೊಂದು ಸಾಲು, ರಾತ್ರಿಗಳು, ಬಾಡಿಗೆ, ಸ್ವಚ್ಛತೆ, ಕಮಿಷನ್, ತೆರಿಗೆ, ಬ್ಯಾಂಕಿಗೆ ಬಂದದ್ದು ಅಂತ ಕಾಲಮ್ಮುಗಳು. ನೀವೇ ಮನೆಯಲ್ಲಿ ಉಳಿದ ದಿನಗಳಿಗೂ ಒಂದು ಕಾಲಮ್ ಬೇಕು. ಅಮೆರಿಕದಲ್ಲಿ ಸ್ವಂತ ಬಳಕೆ 14 ದಿನ ಅಥವಾ ಬಾಡಿಗೆಗೆ ಕೊಟ್ಟ ದಿನಗಳ ಶೇ. 10, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ ಖರ್ಚು ಕಳೆಯುವ ಹಕ್ಕಿಗೆ ಮಿತಿ ಬೀಳುತ್ತದೆ. ಆ ದಿನಗಳ ಲೆಕ್ಕ ಯಾವ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಸಿಗುವುದಿಲ್ಲ.

ಪರೀಕ್ಷಾ ಅವಧಿಯಲ್ಲಿ ಅವರು ಕೊಡುವ ಮಾದರಿ ದತ್ತಾಂಶದೊಂದಿಗೆ ಆಡುತ್ತಾ ಸಮಯ ಕಳೆಯಬೇಡಿ. ಹಿಂದಿನ ವರ್ಷದ ನಿಮ್ಮ ಅತಿ ಗೋಜಲಿನ ತಿಂಗಳನ್ನು ಆರಿಸಿಕೊಳ್ಳಿ. ಒಂದು ರದ್ದತಿ, ಒಂದು ಅರ್ಧ ಮರುಪಾವತಿ, ಎರಡು ತಿಂಗಳಿಗೆ ಚಾಚಿದ ಒಂದು ವಾಸ, ಒಂದು ನೇರ ಬುಕಿಂಗ್ ಅದರಲ್ಲಿರಲಿ. ಅದನ್ನು ತುಂಬಿ, ವೇದಿಕೆಯ ಗಳಿಕೆ ವರದಿಯ ಪಕ್ಕ ಇಟ್ಟು ಮೊತ್ತ ಹೊಂದುತ್ತದೆಯೇ ನೋಡಿ. ನಿಮ್ಮ ತೆರಿಗೆ ಸಲಹೆಗಾರರಿಗೂ ಒಂದು ಲಾಗಿನ್ ಕೊಟ್ಟು ತೋರಿಸಿ. ಅವರು ಬಳಸದ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿದ್ದರೂ ವರ್ಷದ ಕೊನೆಗೆ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿ ಕೊಡಬೇಕಾಗುತ್ತದೆ.

ಇಳಿಸುವ ಮಾತು ಬಂತು. ಪ್ರತಿಯೊಂದು ನಮೂದನ್ನೂ, ಅಂಟಿಸಿದ ರಸೀದಿಗಳ ಸಮೇತ, ಹೊರತೆಗೆಯಲು ಆಗುತ್ತದೆಯೇ ಅಂತ ಪರೀಕ್ಷಾ ಅವಧಿಯಲ್ಲೇ ಒಮ್ಮೆ ಮಾಡಿ ನೋಡಿ. ಇಂಟ್ಯೂಟ್ ಕಂಪನಿ 2023ರಲ್ಲಿ ಭಾರತದಲ್ಲಿ ಕ್ವಿಕ್‌ಬುಕ್ಸ್ ಸೇವೆಯನ್ನೇ ನಿಲ್ಲಿಸಿತು. ಬಳಸುತ್ತಿದ್ದವರು ದತ್ತಾಂಶ ಇಳಿಸಿಕೊಂಡು ಬೇರೆಡೆ ಹೋಗಬೇಕಾಯಿತು. ದೊಡ್ಡ ಹೆಸರು ಅಂದಮಾತ್ರಕ್ಕೆ ಶಾಶ್ವತ ಅಂತೇನಿಲ್ಲ. ರಸೀದಿಗಳ ಒಂದು ಪ್ರತಿ ನಿಮ್ಮದೇ ಡ್ರೈವಿನಲ್ಲಿ, ವರ್ಷ ಮತ್ತು ಮನೆಯ ಹೆಸರಿನ ಫೋಲ್ಡರಿನಲ್ಲಿ ಇರಲಿ.

ಆಯ್ಕೆ ಆದ ಮೇಲೆ ಆರ್ಥಿಕ ವರ್ಷದ ಮೊದಲ ದಿನದಿಂದ ಶುರುಮಾಡುವುದು ಉತ್ತಮ, ಅದು ದೂರವಿದ್ದರೆ ತ್ರೈಮಾಸಿಕದ ಮೊದಲ ದಿನದಿಂದ. ಆರಂಭದ ಶಿಲ್ಕು ಬರೆಯುವಾಗ ಬ್ಯಾಂಕ್ ಬಾಕಿಯಷ್ಟನ್ನೇ ಹಾಕಿ ಬಿಡಬೇಡಿ. ನಿಮ್ಮ ಕೈಯಲ್ಲಿರುವ ಠೇವಣಿಗಳು, ಇನ್ನೂ ಬರದ ಅತಿಥಿಗಳ ಮುಂಗಡ, ವೇದಿಕೆಯಿಂದ ಬರಬೇಕಾದ ಬಾಕಿ ಇವನ್ನೂ ಒಂದೊಂದಾಗಿ ಸೇರಿಸಿ. ಮೊದಲ ತಿಂಗಳು ಹಳೆಯ ಪುಸ್ತಕವನ್ನೂ ಜೊತೆಗೆ ಬರೆಯುತ್ತಾ ಹೋಗಿ, ಎರಡರಲ್ಲೂ ಕ್ಲಿಯರಿಂಗ್ ಖಾತೆ ಸೊನ್ನೆಗೆ ಬಂದ ಮೇಲೆ ಹಳೆಯದನ್ನು ನಿಲ್ಲಿಸಿ.